ಕೊಯ್ಯದ ನವಣೆ

ವರದಾ ನದಿಯ ದಂಡೆಯ ಮೇಲೆ ಮೋನಯ್ಯ ಎಂಬ ಚಿತ್ರಗಾರರ ಆಶ್ರಮವಿತ್ತು. ಆಶ್ರಮ ಎಂದರೆ ಒಂದು ಹೆಂಚಿನ ಪಡಸಾಲೆ, ಎರಡು ಕೋಣೆ, ಒಂದು ಬೇವಿನ ಮರ. ಅಷ್ಟೆ.

ಅಲ್ಲಿ ದೇವರ ಚಿತ್ರ ಬರೆಯುತ್ತಿರಲಿಲ್ಲ, ಹೊಲಗಳ ಚಿತ್ರ ಬರೆಯುತ್ತಿದ್ದರು. ಯಾಕೆ ಎಂದು ಯಾರಾದರೂ ಕೇಳಿದರೆ ಮೋನಯ್ಯನವರು, ದೇವರು ಕೂತಲ್ಲೇ ಕೂತಿರುತ್ತಾನೆ, ಹೊಲ ಹಾಗಲ್ಲ, ಎನ್ನುತ್ತಿದ್ದರು.

ಆಶ್ರಮದ ಚಿತ್ರಗಳಲ್ಲಿ ಬರೆದವನ ಹೆಸರು ಇರುತ್ತಿರಲಿಲ್ಲ. ಚಿತ್ರದ ಕೆಳಗೆ ಒಂದು ಪಟ್ಟಿ ಅಂಟಿಸುತ್ತಿದ್ದರು. ಅದರಲ್ಲಿ ಮೂರೇ ಮಾತು: ಯಾರ ಹೊಲ, ಯಾವ ಬೆಳೆ, ಯಾವ ದಿನ. ಈ ಮೂರನ್ನೂ ಬರೆಯದೆ ಚಿತ್ರ ಮುಗಿಯಿತು ಎನ್ನುವಂತಿರಲಿಲ್ಲ. ಅದು ಅಲ್ಲಿಯ ಕಟ್ಟಳೆ.

ಕೊಟ್ರೇಶ ಅಲ್ಲಿ ಏಳು ವರ್ಷದಿಂದ ಇದ್ದ ಶಿಷ್ಯ. ಅವನ ಕೈ ಒಳ್ಳೆಯದು. ಕೈ ಒಳ್ಳೆಯದೆಂದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ಆ ವರ್ಷ ಹೊಳೆದಂಡೆಗೆ ಇಟ್ಟಿಗೆ ಭಟ್ಟಿಯವರು ಬಂದರು. ಅವರಿಗೆ ಬೇಕಾಗಿದ್ದದ್ದು ಹೊಲವಲ್ಲ, ಹೊಲದ ಮೇಲಿನ ಮೂರಡಿ ಮಣ್ಣು. ಮಣ್ಣು ತೆಗೆದ ಮೇಲೆ ಹೊಲ ಹೊಂಡವಾಗುತ್ತದೆ, ಅದರಲ್ಲಿ ಮತ್ತೆ ಏನೂ ಬೆಳೆಯುವುದಿಲ್ಲ. ದಂಡೆಯ ಆರು ಹೊಲಗಳು ಬಿತ್ತದೆ ಬೀಳುಬಿದ್ದಿದ್ದವು. ಅವುಗಳ ಒಡೆಯರು ಮಣ್ಣು ಕೊಡಲು ಮುಕ್ಕಾಲು ಮನಸ್ಸು ಮಾಡಿದ್ದರು.

ಊರಲ್ಲಿ ಹಿತ್ತಲಮನಿ ಮಾಸ್ತರರು ಎಂಬ ನಿವೃತ್ತ ಶಿಕ್ಷಕರಿದ್ದರು. ಅವರು ಒಂದು ಉಪಾಯ ತೆಗೆದರು. ಆಶ್ರಮದವರು ಈ ದಂಡೆಯ ಹೊಲಗಳನ್ನೇ ಬರೆಯಬೇಕು. ಶಾಲೆಯ ಪಡಸಾಲೆಯಲ್ಲಿ ಪ್ರದರ್ಶನ ಇಡಬೇಕು. ಪೇಟೆಯ ಜನ ಬಂದು ಚಿತ್ರ ಕೊಂಡರೆ, ಆ ಹಣದಿಂದ ಊರವರ ಸಂಘ ಬೀಳು ಹೊಲಗಳನ್ನು ಗುತ್ತಿಗೆಗೆ ಹಿಡಿದು ತಾನೇ ಬಿತ್ತುತ್ತದೆ. ಬಿತ್ತಲು ಬೀಜ ಫಕೀರವ್ವನದು.

ಫಕೀರವ್ವ ಹೊಳೆಯ ಬದಿಗೆ ಎರಡೆಕರೆ ಹೊಲ ಇದ್ದಾಕೆ. ಸುತ್ತಲಿನವರೆಲ್ಲ ಗೋವಿನಜೋಳಕ್ಕೆ ತಿರುಗಿದ ಮೇಲೂ ಕೆಂಪು ನವಣೆ ಬಿಡದೆ ಬೆಳೆಯುತ್ತಿದ್ದವಳು ಅವಳೊಬ್ಬಳೇ. ಆ ಬೀಜ ಅವಳ ಅತ್ತೆಯ ಕೈಯಿಂದ ಬಂದದ್ದು, ಆ ಸೀಮೆಯಲ್ಲಿ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಈ ಸಲದ ಬೆಳೆಯನ್ನು ಒಂದು ಹಿಡಿಯೂ ಅಡುಗೆಗೆ ತೆಗೆಯುವುದಿಲ್ಲ, ಪೂರಾ ಬೀಜಕ್ಕೇ, ಎಂದು ಅವಳು ಮಾಸ್ತರರಿಗೆ ಮಾತು ಕೊಟ್ಟಿದ್ದಳು.

ಕೊಟ್ರೇಶ ಬರೆಯಲು ಆರಿಸಿಕೊಂಡದ್ದು ಅದೇ ಹೊಲ.

ಭಾನುವಾರ ಸಂಜೆ ಬದುವಿನ ಮೇಲೆ ಕೂತು ನೋಡಿದ. ತೆನೆಗಳು ತಮ್ಮ ಭಾರಕ್ಕೇ ಬಾಗಿದ್ದವು. ಇಳಿಬಿಸಿಲು ಹೊಳೆಯ ಕಡೆಯಿಂದ ಅಡ್ಡ ಬಿದ್ದು, ಹೊಲವೆಲ್ಲ ತಿಕ್ಕಿಟ್ಟ ತಾಮ್ರದ ಹಂಡೆಯ ಹಾಗೆ ಹೊಳೆಯುತ್ತಿತ್ತು. ಆ ಬೆಳಕು ಇರುವುದು ಅರ್ಧ ಗಂಟೆ. ಅರ್ಧ ಗಂಟೆಯಲ್ಲಿ ಅವನಿಗೆ ಆಕಾಶವೂ ಮುಗಿಯಲಿಲ್ಲ.

ಅಷ್ಟರಲ್ಲಿ ಫಕೀರವ್ವ ಬಂದು ನಾಳೆ ಕೊಯ್ಲು ಎಂದಳು. ಮುಯ್ಯಿಗೆ ಎಂಟು ಹೆಣ್ಣಾಳು ಹೇಳಿದ್ದಳು. ಅವರ ಹೊಲದಲ್ಲಿ ಇವಳು ದುಡಿದಿದ್ದಳು, ಇವಳ ಹೊಲಕ್ಕೆ ಈಗ ಅವರು ಬರಬೇಕು. ಹಸ್ತ ಮಳೆ ಹಿಡಿಯುವುದರೊಳಗೆ ತೆನೆ ಮನೆ ಸೇರಬೇಕು.

ಕೊಟ್ರೇಶ ನಾಲ್ಕು ಸಂಜೆ ತಡೆಯಲು ಕೇಳಿದ. ಅವಳು ಆಕಾಶ ನೋಡಿ ಆಗುವುದಿಲ್ಲ ಎಂದಳು. ಚಿತ್ರ ಇರುವುದೇ ಈ ದಂಡೆಯ ಹೊಲಗಳನ್ನು ಉಳಿಸಲಿಕ್ಕೆ, ಹೊಲಗಳ ಸಲುವಾಗಿ ಇಷ್ಟೂ ಮಾಡಬಾರದೆ, ಎಂದು ಅವನು ಕೇಳಿದ. ಅದು ಖರೆ, ಆದರೂ ಆಗುವುದಿಲ್ಲ, ಎಂದಳು.

ಆಗ ಅವನ ಬಾಯಿಂದ ಆ ಮಾತು ಬಂತು.

"ಅಪ್ಪಾರು ಹೇಳಿ ಕಳಿಸ್ಯಾರ. ನಾಕು ದಿನ ತಡಿಯಾಕ ಹೇಳು ಅಂದ್ರು."

ಅಪ್ಪಾರು ಎಂದರೆ ಮೋನಯ್ಯನವರು. ಅವರು ಏನೂ ಹೇಳಿರಲಿಲ್ಲ. ಆ ಹೊತ್ತಿಗೆ ಅವರು ಬೇವಿನ ಮರದ ಕೆಳಗೆ ಕೂತು ಬಣ್ಣ ಅರೆಯುತ್ತಿದ್ದರು.

ಫಕೀರವ್ವ ತೆನೆಗಳ ಕಡೆ ಒಮ್ಮೆ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಪ್ಪಾರು ಅಂದ ಮ್ಯಾಲೆ ಮತ್ತೇನೈತಿ," ಎಂದಳು.

ಹೆಣ್ಣಾಳುಗಳಿಗೆ ನಾಳೆ ಬರಬೇಡಿ ಎಂದು ಹೇಳಲು ಅವಳು ಊರ ಕಡೆ ನಡೆದಳು. ಕೊಟ್ರೇಶ ಕುಂಚ ತೊಳೆದ.

ಸೋಮವಾರ ಸಂಜೆ ಅವನು ಹೊಲದ ಮೇಲಿನ ಬೆಳಕು ಹಿಡಿದ. ಮಂಗಳವಾರ ಬಾಗಿದ ತೆನೆಗಳನ್ನು ಒಂದೊಂದಾಗಿ ಬರೆದ. ಬುಧವಾರ ಪಡುವಣದಲ್ಲಿ ಮೋಡ ಕಟ್ಟಿತು. ಅವನಿಗೆ ಸಂತೋಷವಾಯಿತು. ಕೆಂಪು ತೆನೆಯ ಹಿಂದೆ ಕಪ್ಪು ಮೋಡ ಬಹಳ ಚೆನ್ನಾಗಿ ಕಾಣುತ್ತಿತ್ತು.

ಗುರುವಾರ ಕೊನೆಯ ಗೆರೆ ಎಳೆಯುತ್ತಿದ್ದಾಗ ಹಾಳೆಯ ಅಂಚಿಗೆ ಒಂದು ಹನಿ ಬಿತ್ತು. ಫಕೀರವ್ವ ಮನೆಯಿಂದ ಓಡಿಬಂದಳು. ಕೈಯಲ್ಲಿ ತಾಡಪತ್ರಿ ಇತ್ತು. ಕೊಯ್ದು ಕಟ್ಟಿದ ತೆನೆಯ ಸಿವುಡುಗಳಿಗೆ ಹೊದಿಸಲು ತೆಗೆದಿಟ್ಟದ್ದು ಅದು.

"ಚಿತ್ರ ತೋಯಿಸಬ್ಯಾಡ. ಇದನ್ನ ಸುತ್ತಿಗೊಂಡು ಹೋಗು," ಎಂದಳು.

ಅವನು ಸುತ್ತಿಕೊಂಡು ಹೋದ. ತಾನು ತೊಯ್ದರೂ ಚಿತ್ರ ತೊಯ್ಯಲಿಲ್ಲವಲ್ಲ ಎಂದು ಖುಷಿಯಿಂದಲೇ ನಡೆದ. ಹಿಂದೆ ಹೊಲ ಬಯಲಲ್ಲಿ ನಿಂತಿದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಆಮೇಲೆ ಎಷ್ಟೋ ದಿನ ಅವನನ್ನು ಚುಚ್ಚಿದ್ದು ಸುಳ್ಳಿಗಿಂತ ಹೆಚ್ಚಾಗಿ ಆ ಖುಷಿ.

ಮಳೆ ಮೂರು ದಿನ ಬಿಡಲಿಲ್ಲ.

ಆಶ್ರಮದ ಪಡಸಾಲೆಯಲ್ಲಿ ಗುರುಗಳು ಚಿತ್ರವನ್ನು ಗೋಡೆಗೆ ಆನಿಸಿ ಬಹಳ ಹೊತ್ತು ನೋಡಿದರು. ಚಂದ ಬಂದಿದೆ ಎಂದರು. ಏಳು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಆಮೇಲೆ ಪಟ್ಟಿಯ ಮೇಲೆ ಬೆರಳಿಟ್ಟರು. ಫಕೀರವ್ವನ ಹೊಲ ಎಂದಿತ್ತು, ಕೆಂಪು ನವಣೆ ಎಂದಿತ್ತು. ಮೂರನೆಯದು ಖಾಲಿ.

"ದಿನ ಯಾವುದು?"

ಬರೆಯುತ್ತೇನೆ ಎಂದು ಕೊಟ್ರೇಶ ಹೇಳಿದ. ಬರೆಯಲಿಲ್ಲ.

ಸೋಮವಾರ ಬಿಸಿಲು ಬಂತು. ಬೆಳಗ್ಗೆ ಫಕೀರವ್ವ ಆಶ್ರಮಕ್ಕೆ ಬಂದಳು. ಪ್ರತಿವರ್ಷ ಕೊಯ್ಲಿನ ಮೊದಲ ಸಿವುಡನ್ನು ಅವಳು ಆಶ್ರಮಕ್ಕೆ ತಂದುಕೊಡುತ್ತಿದ್ದಳು. ಗುರುಗಳು ಅದನ್ನು ಸೂರಿಗೆ ಕಟ್ಟುತ್ತಿದ್ದರು. ಅದು ಗುಬ್ಬಿಗಳ ಪಾಲು.

ಈ ಸಲವೂ ಅವಳ ಕಂಕುಳಲ್ಲಿ ಒಂದು ಸಿವುಡು ಇತ್ತು. ಮೆಟ್ಟಿಲ ಮೇಲೆ ಇಟ್ಟಳು. ತೆನೆಗಳು ಕಪ್ಪಾಗಿದ್ದವು. ಒಂದೊಂದು ತೆನೆಯ ಮೈತುಂಬ ಉಗುರುದ್ದದ ಹಸಿರು ಮೊಳಕೆ.

"ಈ ವರ್ಷದ್ದು ಹಿಂಗಾತ್ರಿ ಅಪ್ಪಾರ. ನೀವು ತಡಿ ಅಂದ್ರಿ, ನಾ ತಡದೆ. ಮಳಿ ತಡೀಲಿಲ್ಲ."

ದೂರುವ ದನಿಯಲ್ಲ. ಗುಬ್ಬಿಗಳ ಪಾಲು ತಪ್ಪಿತಲ್ಲ, ತಪ್ಪು ತಿಳಿಯಬಾರದು ಎಂದು ಹೇಳಿಕೊಳ್ಳಲು ಬಂದಿದ್ದಳು. ಹೊಲದಲ್ಲಿ ಒಂದು ಕಾಳೂ ಬೀಜಕ್ಕೆ ಉಳಿದಿಲ್ಲ ಎಂದೂ ಹೇಳಿದಳು.

ಕೊಟ್ರೇಶ ಬಾಗಿಲಲ್ಲಿ ನಿಂತಿದ್ದ. ಗುರುಗಳು ಅವನ ಕಡೆ ಒಮ್ಮೆ ನೋಡಿದರು. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಆಮೇಲೆ ಎದ್ದು ಮೆಟ್ಟಿಲಿಳಿದು ಫಕೀರವ್ವನ ಮುಂದೆ ಕೈ ಮುಗಿದು ಬಾಗಿದರು.

"ತಪ್ಪಾತವ್ವ. ನಾ ಹಂಗ ಹೇಳಬಾರದಿತ್ತು."

ಅವಳು ಗಾಬರಿಯಾಗಿ ಹಿಂದೆ ಸರಿದಳು. ದೊಡ್ಡವರು ಬಾಗಬಾರದು, ತನಗೆ ಪಾಪ ಬರುತ್ತದೆ, ಎಂದಳು. ಕೂರಲಿಲ್ಲ. ನೀರು ಕೊಟ್ಟರೆ ಕುಡಿಯಲೂ ಇಲ್ಲ. ಹೋದಳು.

ಗುರುಗಳು ಮೊಳೆತ ಸಿವುಡನ್ನು ಎಂದಿನಂತೆ ಸೂರಿಗೆ ಕಟ್ಟಿದರು. ಗುಬ್ಬಿಗಳು ಬಂದವು, ಕೊಕ್ಕಿಟ್ಟು ನೋಡಿದವು, ಹಾರಿಹೋದವು.

ಕೊಟ್ರೇಶನಿಗೆ ಕಿವಿ ಸುಡುತ್ತಿತ್ತು. ಮಧ್ಯಾಹ್ನ ಅವನಿಗೆ ಊಟ ಸೇರಲಿಲ್ಲ. ಕೊನೆಗೆ ಗುರುಗಳ ಮುಂದೆ ಹೋಗಿ ನಿಂತ.

"ನೀವು ಹಂಗ ಹೇಳಿರಲಿಲ್ರಿ."

"ಇಲ್ಲ."

"ಮತ್ಯಾಕ ನಿಮ್ಮ ತಪ್ಪು ಅಂದ್ರಿ?"

"ನನ್ನ ಹೆಸರು ನಿನ್ನ ಕೈಯಾಗ ಕೊಟ್ಟಾಂವ ನಾನ ಅಲ್ಲೇನು?"

ಅಷ್ಟು ಹೇಳಿ ಅವರು ಬಣ್ಣ ಅರೆಯಲು ಕೂತರು. ಅವರು ಬೈಯಬಹುದು, ಆಶ್ರಮ ಬಿಟ್ಟು ಹೋಗು ಎನ್ನಬಹುದು ಎಂದು ಕೊಟ್ರೇಶ ಕಾದ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಆ ಹಗುರವನ್ನು ಅವರು ಕೊಡಲಿಲ್ಲ.

ಮರುದಿನ ಅವನು ಚಿತ್ರವನ್ನು ಎತ್ತಿಕೊಂಡು ಹೊಳೆಗೆ ಹೋದ. ನೀರಿನ ಅಂಚಿನಲ್ಲಿ ನಿಂತು ಹಾಳೆಯ ಎರಡು ಮೂಲೆ ಹಿಡಿದ. ಹಿಂದಿನಿಂದ ಗುರುಗಳ ದನಿ ಕೇಳಿತು.

"ಏನ ಮಾಡ್ತಿ?"

"ಹರದು ಹೊಳಿಗೆ ಬಿಡ್ತೀನ್ರಿ. ಇದನ್ನ ನೋಡಾಕ ಆಗವಲ್ದು."

"ಇದರಾಗ ಇರೂ ಬೆಳಿ ಯಾರದು?"

"ಫಕೀರವ್ವಂದು."

"ಆಕಿ ಬೆಳಿ ಒಮ್ಮೆ ಹಾಳ ಮಾಡಿದಿ. ಸಾಲಲಿಲ್ಲೇನು?"

ಕೊಟ್ರೇಶ ಚಿತ್ರವನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಬಂದ.

ಅಲ್ಲಿಂದ ನೇರ ಹಿತ್ತಲಮನಿ ಮಾಸ್ತರರ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದ. ಮಾಸ್ತರರು ಎರಡೂ ಕೈಯಲ್ಲಿ ತಲೆ ಹಿಡಿದು ಕೂತುಬಿಟ್ಟರು. ಅವರು ಒಳ್ಳೆಯ ಮನುಷ್ಯ. ಬೀಜ ಹೋಯಿತು ಎಂಬುದು ಅವರಿಗೆ ಮನೆಯಲ್ಲಿ ಯಾರೋ ಹೋದಷ್ಟೇ ಆಯಿತು.

ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ, ಆದದ್ದು ಆಯಿತು, ಪ್ರದರ್ಶನ ಮುಗಿಯುವ ತನಕ ಬಾಯಿ ಬಿಡಬೇಡ, ಎಂದರು. ಕರೆಯೋಲೆಯಲ್ಲಿ ಅಚ್ಚಾಗಿರುವುದು ಇದೇ ನವಣೆಯ ಚಿತ್ರದ ಹೆಸರು. ಹೊಲ ಉಳಿಸಲು ಬರೆದ ಚಿತ್ರವೇ ಒಂದು ಬೆಳೆಯನ್ನು ನುಂಗಿತು ಎಂದು ತಿಳಿದರೆ ಪೇಟೆಯವರು ನಕ್ಕು ಹೊರಟುಹೋಗುತ್ತಾರೆ. ಆರು ಹೊಲಗಳ ಮುಖ ನೋಡಿಯಾದರೂ ಸುಮ್ಮನಿರು ಎಂದು ಅವನ ಕೈ ಹಿಡಿದುಕೊಂಡರು.

ಮಾತು ಸರಿಯೆಂದೇ ಕೊಟ್ರೇಶನಿಗೆ ಕಂಡಿತು. ಒಳಗೊಳಗೆ ನಿರಾಳವೂ ಆಯಿತು. ನಿರಾಳವಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು.

ಆಶ್ರಮಕ್ಕೆ ಬಂದು ಗುರುಗಳಿಗೆ ತಿಳಿಸಿದ.

"ಮಾಸ್ತರು ಸುಮ್ನಿರು ಅಂದ್ರು. ಹೊಲಗಳ ಸಲುವಾಗಿ."

"ನೀನೂ ಫಕೀರವ್ವಗ ಹಂಗ ಅಂದಿದ್ದಿ," ಎಂದರು ಗುರುಗಳು.

ಹದಿನೈದು ದಿನದ ಮೇಲೆ ಒಂದು ಭಾನುವಾರ ಪ್ರದರ್ಶನ. ಶಾಲೆಯ ಪಡಸಾಲೆಯಲ್ಲಿ ಸೆಣಬಿನ ಹಗ್ಗ ಕಟ್ಟಿ ಚಿತ್ರಗಳನ್ನು ತೂಗುಹಾಕಿದ್ದರು. ಹತ್ತಿಯ ಹೊಲ, ಶೇಂಗಾದ ಹೊಲ, ಆಗತಾನೆ ಹರಗಿದ ಬರಿಯ ಕರಿ ನೆಲ. ನಡುವೆ ಕೊಟ್ರೇಶನ ನವಣೆ. ಅದರ ಪಟ್ಟಿಯಲ್ಲಿ ಮೂರನೆಯ ಜಾಗ ಇನ್ನೂ ಖಾಲಿ. ಅದನ್ನು ಯಾರೂ ಕೇಳಲಿಲ್ಲ.

ಬರೆದವನು ತನ್ನ ಚಿತ್ರದ ಪಕ್ಕ ನಿಂತು ಕೇಳಿದವರಿಗೆ ಉತ್ತರ ಕೊಡಬೇಕು. ಅದೂ ಕಟ್ಟಳೆಯೇ. ಕೊಟ್ರೇಶ ನಿಂತಿದ್ದ. ಗುರುಗಳು ದೂರದ ಬೆಂಚಿನ ಮೇಲೆ ಕೂತಿದ್ದರು.

ಬಂದವರೆಲ್ಲ ನವಣೆಯ ಮುಂದೆ ನಿಂತರು. ಒಬ್ಬ ಮುದುಕ, ಹೊಲದ ವಾಸನೆ ಬರುತ್ತಿದೆ ಎಂದ. ಪೇಟೆಯ ಬಟ್ಟೆ ವ್ಯಾಪಾರಿಯ ಹೆಂಡತಿ ಎರಡು ಸಲ ಹೋಗಿ ಎರಡು ಸಲ ತಿರುಗಿ ಬಂದಳು. ತನ್ನ ಮನೆಯ ಹಜಾರಕ್ಕೆ ಇದೇ ಬೇಕು ಎಂದು ಮಾಸ್ತರರಿಗೆ ಹೇಳಿ ಇಟ್ಟಳು. ಪ್ರತಿ ಮೆಚ್ಚುಗೆಗೂ ಕೊಟ್ರೇಶನ ತಲೆ ಇನ್ನಷ್ಟು ತಗ್ಗಿತು. ಜನ ಅದನ್ನು ವಿನಯ ಎಂದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಫಕೀರವ್ವ ಬಂದಳು. ಒಗೆದ ಸೀರೆ ಉಟ್ಟಿದ್ದಳು. ಚಿತ್ರದ ಮುಂದೆ ನಿಂತು, ಒಂದು ತೆನೆಯ ಹತ್ತಿರಕ್ಕೆ ಬೆರಳು ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಪಕ್ಕದಲ್ಲಿದ್ದ ವ್ಯಾಪಾರಿಯ ಹೆಂಡತಿಗೆ ಹೇಳಿದಳು.

"ನನ್ನ ಹೊಲಾರಿ ಇದು."

ಆ ಹೆಂಗಸಿಗೆ ಖುಷಿಯಾಯಿತು. ಇಂಥ ತೆನೆ ಬಂದಿದೆ ಎಂದರೆ ಈ ಸಲ ಸುಗ್ಗಿ ಜೋರಾಗಿರಬೇಕು, ಎಲ್ಲ ಚೆನ್ನಾಗಿ ಮನೆಗೆ ಬಂತೆ, ಎಂದು ಕೇಳಿದಳು. ಅವಳಿಗೇನು ಗೊತ್ತು, ಪಾಪ.

ಫಕೀರವ್ವ ಉತ್ತರ ಕೊಡುವ ಮೊದಲು ದೂರದ ಬೆಂಚಿನ ಕಡೆ ನೋಡಿದಳು. ಗುರುಗಳು ಕಣ್ಣು ಮುಚ್ಚಿ ಕೂತಿದ್ದರು. ಅವಳು ಸೆರಗು ಸರಿಮಾಡಿಕೊಂಡಳು.

"ಬಂತ್ರಿ. ಚೊಲೋ ಬಂತು," ಎಂದಳು.

ಅಪ್ಪಾರ ಹೆಸರು ಕೆಡಬಾರದು ಎಂದು ಅವಳು ಸುಳ್ಳು ಹೇಳಿದಳು. ತನ್ನ ಹೊಲದ ಬಗ್ಗೆ ಅವಳು ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ಯಾಕೆಂದರೆ ಹೇಳುವಾಗ ಅವಳ ದನಿ ಒಡೆಯಿತು.

ಕೊಟ್ರೇಶನಿಗೆ ಆ ಸುಳ್ಳು ತನ್ನದೇ ಎಂದು ಗೊತ್ತಾಯಿತು. ತಾನು ಬದುವಿನ ಮೇಲೆ ಆಡಿದ್ದು ಅವಳ ಬಾಯಿಗೆ ಬಂದಿತ್ತು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು.

ಅವನು ಮಂಡಿಯೂರಿ ಕೂತ. ಜೇಬಿನಿಂದ ಪೆನ್ಸಿಲ್ ತೆಗೆದು ಪಟ್ಟಿಯ ಖಾಲಿ ಜಾಗದಲ್ಲಿ ಬರೆದ: ಕೊಯ್ಲು ತಡೆದ ನಾಲ್ಕು ದಿನ.

ವ್ಯಾಪಾರಿಯ ಹೆಂಡತಿ ಬಗ್ಗಿ ಓದಿದಳು. ತಡೆದವರು ಯಾರು ಎಂದು ಕೇಳಿದಳು.

"ನಾನು," ಎಂದು ಕೊಟ್ರೇಶ ಎದ್ದು ನಿಂತ. "ಅಪ್ಪಾರು ತಡಿ ಅಂದಿರಲಿಲ್ಲ. ಅವರ ಹೆಸರು ಹೇಳಿ ನಾ ಸುಳ್ಳಾಡಿದೆ. ಈ ಬೆಳಿ ಮನಿಗೆ ಬರಲಿಲ್ಲ. ಮಳಿಗೆ ಸಿಕ್ಕು ಹೊಲದಾಗ ಮೊಳೀತು. ಬೀಜ ಹೋತು."

ಹಿತ್ತಲಮನಿ ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಫಕೀರವ್ವ ಕೊಟ್ರೇಶನನ್ನು ನೋಡಲಿಲ್ಲ. ಪಡಸಾಲೆ ದಾಟಿ ಬೆಂಚಿನ ಹತ್ತಿರ ಹೋದಳು.

"ಹದಿನೈದು ದಿನ ನಿಮಗ ಬೈದೇನ್ರಿ ಅಪ್ಪಾರ. ಬಾಯಿಲೆ ಅಲ್ಲ, ಮನಸಿನಾಗ. ಏಳತಾ ಬೈದೆ, ಕೂಡತಾ ಬೈದೆ. ಅದನ್ನ ಈಗ ಹೆಂಗ ಹೊಳ್ಳಿ ತಗೊಳ್ಳಿ?"

"ಅವು ನನಗ ಮುಟ್ಟೇ ಇಲ್ಲವ್ವ," ಎಂದರು ಗುರುಗಳು.

ಅವಳು ಅಳಲಿಲ್ಲ. ತಿರುಗಿ ಬಂದು ಕೊಟ್ರೇಶನ ಎದುರು ನಿಂತಳು. ಹೊಡೆದರೂ ಸರಿ ಎಂದು ಅವನು ತಲೆ ತಗ್ಗಿಸಿದ.

"ನಾಕು ಸಂಜಿ ಕೇಳಿದಿ. ಒಂದು ಸಂಜಿ ಅಂತ ನಿನ್ನ ಹೆಸರಲೆ ಕೇಳಿದ್ರ ತಡೀತಿದ್ದೆ," ಎಂದಳು. "ನನಗೂ ಹೊಲಾ ಚಂದ ಕಾಣಸ್ತಿತ್ತೋ."

ವ್ಯಾಪಾರಿಯ ಹೆಂಡತಿ, ಮನೆಯಲ್ಲಿ ಕೇಳಿ ಹೇಳುತ್ತೇನೆ, ಎಂದು ಹೋದಳು. ತಿರುಗಿ ಬರಲಿಲ್ಲ. ಉಳಿದ ಚಿತ್ರಗಳು ಒಂದೊಂದಾಗಿ ಹೋದವು. ಸಂಜೆ ಹಗ್ಗದ ಮೇಲೆ ಉಳಿದದ್ದು ನವಣೆ ಒಂದೇ.

ಸಂಘಕ್ಕೆ ನಾಲ್ಕು ಹೊಲ ಹಿಡಿಯಲು ಸಾಧ್ಯ ಆಯಿತು. ಎರಡು ಭಟ್ಟಿಗೆ ಹೋದವು. ಆಶ್ರಮದ ಮೆಟ್ಟಿಲ ಮೇಲೆ ಕೂತರೆ ಆ ಎರಡು ಹೊಲಗಳಲ್ಲಿ ಯಂತ್ರ ಮಣ್ಣು ಕೆರೆಯುವುದು ಕಾಣುತ್ತಿತ್ತು. ಕೊಟ್ರೇಶ ಅಲ್ಲೇ ಕೂತು ನೋಡುತ್ತಿದ್ದ.

"ನಾ ಸುಮ್ನಿದ್ರ ಇನ್ನೊಂದು ಹೊಲ ಉಳೀತಿತ್ತೋ ಏನೋ," ಎಂದ.

ಹಾಗೇನಿಲ್ಲ ಬಿಡು ಎಂದು ಗುರುಗಳು ಹೇಳುತ್ತಾರೆ ಎಂದು ಅವನ ಆಸೆ.

"ಉಳೀತಿತ್ತೋ ಏನೋ," ಎಂದರು ಗುರುಗಳು.

ಮಾರಾಟವಾಗದ ಚಿತ್ರವನ್ನು ಅವನು ಅದೇ ತಾಡಪತ್ರಿಯಲ್ಲಿ ಸುತ್ತಿ ಫಕೀರವ್ವನ ಮನೆಗೆ ಒಯ್ದ. ಅವಳು ಮೊದಲು ತಾಡಪತ್ರಿಯನ್ನು ಬಿಡಿಸಿ, ಎಲ್ಲಾದರೂ ಹರಿದಿದೆಯೇ ಎಂದು ನಾಲ್ಕೂ ಮೂಲೆ ನೋಡಿದಳು. ಆಮೇಲೆ ಚಿತ್ರವನ್ನು ಎತ್ತಿಕೊಂಡಳು.

"ಇಷ್ಟಾದ್ರೂ ಮನಿಗೆ ಬರ್ಲಿ," ಎಂದಳು.

ಬೀಜದ ಗಡಿಗೆ ಇಡುವ ಮೂಲೆಯಲ್ಲಿ ಅದನ್ನು ಗೋಡೆಗೆ ಆನಿಸಿಟ್ಟಳು. ಗಡಿಗೆ ಬರಿದಾಗಿತ್ತು. ಕೊಟ್ರೇಶ ಅದನ್ನು ಬಗ್ಗಿ ನೋಡುವ ಧೈರ್ಯ ಮಾಡಲಿಲ್ಲ.

ತಿರುಗಿ ಬಂದು ತನ್ನ ಕೋಣೆಯಲ್ಲಿ ಮಲಗಿದವನಿಗೆ ಗೋಡೆಯ ಮೊಳೆ ಕಾಣಿಸಿತು. ಮೊಳೆಗೆ ಎರಡು ತೆನೆ ತೂಗುತ್ತಿದ್ದವು. ಹೋದ ವರ್ಷದ್ದು, ಕೆಂಪು ನವಣೆ. ತೆನೆಯ ಮೇಲಿನ ನವುರು ಕೂದಲು ಬರೆಯುವುದನ್ನು ಅಭ್ಯಾಸ ಮಾಡಲು ಅವನೇ ಸೂರಿನ ಸಿವುಡಿನಿಂದ ಯಾರಿಗೂ ಹೇಳದೆ ಬಿಚ್ಚಿಕೊಂಡಿದ್ದ. ವರ್ಷವಿಡೀ ಅದನ್ನು ನೋಡಿ ಬರೆದಿದ್ದ. ಅದು ಬೀಜ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಅವನು ಎದ್ದು ತೆನೆಗಳನ್ನು ಗುರುಗಳ ಮುಂದೆ ಹಿಡಿದ.

"ಇದೂ ಕದ್ದದ್ರಿ. ಗುಬ್ಬಿ ಪಾಲಿಂದು."

ಗುರುಗಳು ಎಷ್ಟೋ ದಿನದ ಮೇಲೆ ನಕ್ಕರು. ಗುಬ್ಬಿಗಳಿಗೆ ತಾನು ಹೇಳಿಕೊಳ್ಳುತ್ತೇನೆ, ನೀನು ಹೊರಡು, ಎಂದರು.

ಫಕೀರವ್ವನ ಮನೆಯಲ್ಲಿ ತೆನೆಗಳನ್ನು ಅಂಗೈಯಲ್ಲಿ ತಿಕ್ಕಿದಾಗ ಒಂದು ಹಿಡಿ ಕಾಳು ಬಂತು. ಫಕೀರವ್ವ ಅದರಲ್ಲಿ ಒಂದನ್ನು ಹಲ್ಲಿನಿಂದ ಒಡೆದು ನೋಡಿದಳು, ಇನ್ನೊಂದನ್ನು ಒಡೆದಳು. ಜೀವ ಇದೆ ಎಂದಳು. ಉಳಿದದ್ದನ್ನು ಗಡಿಗೆಗೆ ಹಾಕಿದಾಗ ತಳದಲ್ಲಿ ಸದ್ದೂ ಆಗಲಿಲ್ಲ, ಅಷ್ಟು ಕಡಿಮೆ. ಮೃಗಶಿರ ಮಳೆಗೆ ಬಾ, ಬಿತ್ತುವವನು ನೀನೇ, ಎಂದು ಹೇಳಿ ಒಳಗೆ ಹೋದಳು.

ಆ ಚಳಿಗಾಲ ಕೊಟ್ರೇಶ ಕುಂಚ ಮುಟ್ಟಲಿಲ್ಲ. ಊರಲ್ಲಿ ಯಾರಾದರೂ ಎದುರಾದರೆ ದಾರಿ ಬಿಟ್ಟು ನಡೆದ. ಒಂದು ದಿನ ತಡೆಯಲಾರದೆ ಗುರುಗಳನ್ನು ಕೇಳಿದ.

"ಈ ನಾಚಿಕಿ ಯಾವಾಗ ಹೋಗತೈತ್ರಿ?"

"ಆಕಿನ್ನ ನಾಕು ದಿನ ಕಾಯಿಸಿದಿ," ಎಂದರು ಅವರು. "ನೀನೂ ಕಾಯಿ."

ಮೃಗಶಿರ ಮಳೆಗೆ ಅವನು ಹೊಲದ ಒಂದು ಮೂಲೆಯಲ್ಲಿ ಆ ಹಿಡಿ ಬೀಜ ಬಿತ್ತಿದ. ಒಂದು ಮನೆಯ ಅಂಗಳದಷ್ಟು ಜಾಗ. ಕಳೆ ತೆಗೆದ. ಹಾಲುಗಾಳಾದಾಗ ಗಿಳಿ ಓಡಿಸಲು ಬೆಳಗಿನಿಂದ ಸಂಜೆಯ ತನಕ ಬದುವಿನ ಮೇಲೆ ಕೂತ. ಒಂದು ವರ್ಷದ ಹಿಂದೆ ಚಿತ್ರ ಬರೆಯಲು ಕೂತಿದ್ದ ಅದೇ ಜಾಗ. ಫಕೀರವ್ವ ಅವನೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಮಧ್ಯಾಹ್ನ ಮಾತ್ರ ಎರಡು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಬದುವಿನ ಮೇಲೆ ಇಟ್ಟು ಹೋಗುತ್ತಿದ್ದಳು.

ನವಣೆ ಬಲಿಯಿತು. ಹಸ್ತ ಮಳೆಗೆ ಇನ್ನೂ ವಾರವಿತ್ತು. ಇಷ್ಟು ಸಣ್ಣ ಮೂಲೆಗೆ ಆಳು ಬೇಡ, ಇಬ್ಬರೇ ಒಂದು ಸಂಜೆಯಲ್ಲಿ ಕೊಯ್ದು ಮುಗಿಸೋಣ, ಎಂದು ಫಕೀರವ್ವ ಹೇಳಿದಳು. ಎರಡು ಕುಡುಗೋಲು ತಂದಳು, ತಾಡಪತ್ರಿಯನ್ನೂ ತಂದಳು.

ಗುಬ್ಬಿಗಳ ಪಾಲಿನ ಸಿವುಡಿಗಾಗಿ ಗುರುಗಳೂ ಹೊಲಕ್ಕೆ ಬಂದರು. ಅವರ ಬಗಲಲ್ಲಿ ಕೊಟ್ರೇಶನ ಬಣ್ಣದ ಪೆಟ್ಟಿಗೆ ಇತ್ತು. ಯಾಕೆ ತಂದರೋ ಹೇಳಲಿಲ್ಲ.

ಕೊಟ್ರೇಶ ಕುಡುಗೋಲು ಹಿಡಿದು ಬಗ್ಗಿದ. ಆಗ ಹೊಳೆಯ ಕಡೆಯಿಂದ ಬಿಸಿಲು ಅಡ್ಡ ಬಿತ್ತು.

ಅದೇ ಬೆಳಕು. ಆ ಸಣ್ಣ ಮೂಲೆ ಪೂರಾ ಹೊತ್ತಿಕೊಂಡಂತೆ ಕೆಂಪಾಯಿತು. ಅವನ ಕೈ ನಿಂತಿತು. ಹೋದ ವರ್ಷಕ್ಕಿಂತ ಚೆನ್ನಾಗಿತ್ತು. ತಾನು ಬಿತ್ತಿ, ಕಳೆ ತೆಗೆದು, ಒಂದೊಂದು ತೆನೆಯನ್ನೂ ಬಲ್ಲ ಹೊಲ. ಕೆಂಪಿಗೆ ಎಷ್ಟು ಹಳದಿ ಬೆರೆಸಬೇಕು ಎಂದು ಅವನ ಕಣ್ಣು ಆಗಲೇ ಲೆಕ್ಕ ಹಾಕುತ್ತಿತ್ತು.

ಫಕೀರವ್ವ ಅವನನ್ನೇ ನೋಡುತ್ತಿದ್ದಳು.

"ಬೇಕಾದ್ರ ಒಂದು ಸಂಜಿ ತಡಿಯೋಣು," ಎಂದಳು.

ಮನಸಾರೆ ಹೇಳಿದಳೋ, ಪರೀಕ್ಷೆ ಮಾಡಿದಳೋ, ಅವಳ ಮುಖದಿಂದ ತಿಳಿಯಲಿಲ್ಲ. ಕೊಟ್ರೇಶನಿಗೆ ಕುತ್ತಿಗೆಯಿಂದ ಕಿವಿಯ ತನಕ ಬಿಸಿ ಏರಿತು. ಒಂದು ವರ್ಷ ಕಾದರೂ ಹೋಗದಿದ್ದ ನಾಚಿಕೆ, ಇದ್ದಲ್ಲೇ ಇತ್ತು. ಅವನು ಬಗ್ಗಿ ಮೊದಲ ಹಿಡಿ ಕೊಯ್ದ. ಎರಡನೆಯದನ್ನು ಕೊಯ್ದ.

ತಲೆ ಎತ್ತದೆಯೇ ಗುರುಗಳನ್ನು ಕೇಳಿದ.

"ನಾ ಇನ್ನ ಬರೀಬೌದೇನ್ರಿ?"

"ಬರಿ. ಕೊಯ್ದ ಮ್ಯಾಲೆ."

"ಕೊಯ್ದ ಮ್ಯಾಲೆ ಬರಿಯಾಕ ಏನ ಉಳೀತೈತ್ರಿ?"

ಗುರುಗಳು ಬಣ್ಣದ ಪೆಟ್ಟಿಗೆಯನ್ನು ಬದುವಿನ ಮೇಲೆ ಇಟ್ಟರು.

"ಹೊಲ."